ಜಗಲಿಯಿಂದ ಜಗಲಿಗೆ ಸುಲ್ತಾನ್‌ಪೇಟೆ

ಬಸವನಗುಡಿಯ ನಮ್ಮ ಮನೆಯಿಂದ ಸುಲ್ತಾನ್‌ಪೇಟೆಗೆ ಎರಡು ಮೈಲಿ ಚಿಲ್ಲರೆ. ಇದನ್ನೂ ಪ್ರವಾಸವೆಂದು ಬರೆಯುತ್ತಾನಲ್ಲ ಎಂದು ನಗುವವರು ಮೊದಲು ವಿಷಮಜ್ವರದಲ್ಲಿ ಮಲಗಿ ಎದ್ದು ಬರಲಿ. ಜ್ವರ ನನ್ನನ್ನು ಬಿಟ್ಟು ಎಂಟು ತಿಂಗಳಾಗಿತ್ತು. ಸುಸ್ತು ಮಾತ್ರ, ಮದುವೆ ಮುಗಿದರೂ ಹೊರಡದ ನೆಂಟನಂತೆ ಒಳಗೇ ಉಳಿದಿತ್ತು. ಸ್ನಾನ ಮಾಡಿದರೆ ಮಲಗಬೇಕು, ಊಟ ಮಾಡಿದರೆ ಮಲಗಬೇಕು, ಮಲಗಿ ಎದ್ದರೂ ಮಲಗಬೇಕು. ಡಾಕ್ಟರು ನಾಲಿಗೆ, ಕಣ್ಣು, ಎದೆ ಎಲ್ಲ ನೋಡಿ, "ಏನೂ ಕಾಣಿಸ್ತಿಲ್ಲಪ್ಪ. ಸುಸ್ತಾದ್ಮೇಲೆ ಕೂತ್ಕೋಬೇಡ, ಸುಸ್ತಾಗೋಕೆ ಮುಂಚೆ ಕೂತ್ಕೋ" ಎಂದಿದ್ದರು. ಮೂಗಿನಲ್ಲಿ ಮಾತಾಡುವ ಅವರ ಧಾಟಿಯನ್ನು ಅಣಕಿಸಿ ಮನೆಯವರನ್ನೆಲ್ಲ ನಗಿಸಿದೆ. ನಗಿಸಿ ಮಲಗಿದವನು ಎದ್ದದ್ದು ಮಾರನೆಯ ದಿನ ಮಧ್ಯಾಹ್ನ.

ಹೊರಡಲೇಬೇಕಾದ ಕಾರಣ ಒಂದಿತ್ತು. ಸುಲ್ತಾನ್‌ಪೇಟೆಯ ಒಂದು ಲಗ್ನಪತ್ರಿಕೆ ಅಂಗಡಿಯಲ್ಲಿ ನಾನು ಗುಮಾಸ್ತ. ಗಿರಾಕಿಗಳಿಗೆ ಮಾದರಿ ತೋರಿಸುವುದು, ಅಚ್ಚಾಗುವ ಮೊದಲು ಕರಡು ತಿದ್ದುವುದು ನನ್ನ ಕೆಲಸ. ಯಜಮಾನರು ಗುರುಬಸಪ್ಪನವರು ಹೇಳಿಕಳಿಸಿದ್ದರು: ಮದುವೆ ಕಾಲ ಬಂತು, ಸೋಮವಾರದಿಂದ ಬರುವ ಹಾಗಿದ್ದರೆ ಬಂದು ಮುಖ ತೋರಿಸಲಿ, ಇಲ್ಲದಿದ್ದರೆ ಬೇರೆಯವರನ್ನು ನೋಡಿಕೊಳ್ಳುತ್ತೇನೆ.

"ಜಟಕಾದಲ್ಲಿ ಹೋಗೋ ಶೀನ" ಎಂದರು ಅಮ್ಮ.

"ಜಟಕಾದಲ್ಲಿ ಇಳಿದ್ರೆ ರೋಗಿ ಬಂದ ಅಂತಾರಮ್ಮ. ನಡ್ಕೊಂಡ್ ಬಂದೆ ಅನ್ಬೇಕು."

ಅಮ್ಮ ವಾದ ಮಾಡಲಿಲ್ಲ. ಎಂಟಾಣೆಯನ್ನು ನನ್ನ ಜೇಬಿಗೆ ತುರುಕಿ, ಕೈಗೊಂದು ಕೊಡೆ ಕೊಟ್ಟರು. ಶಿವರಾತ್ರಿ ಕಳೆದು ಬಿಸಿಲು ಆಗಲೇ ಚುರುಗುಟ್ಟುತ್ತಿತ್ತು. ಎಂಟು ಗಂಟೆಗೆ ಹೊರಟೆ.

ಗಾಂಧಿಬಜಾರು ತಲುಪುವ ಮುಂಚೆಯೇ ಡಾಕ್ಟರ ಮಾತು ನೆನಪಾಗಿ ಒಂದು ಮನೆಯ ಜಗಲಿಯ ಮೇಲೆ ಕೂತೆ. ಒಳಗಿಂದ ಅಕ್ಕಿಯ ಮೊರ ಹಿಡಿದು ಅಜ್ಜಿಯೊಬ್ಬರು ಬಂದರು.

"ಯಾರಪ್ಪ? ಯಾರು ಬೇಕಾಗಿತ್ತು?"

"ಯಾರೂ ಬೇಡ ಅಜ್ಜಿ, ಜಗಲಿ ಬೇಕಾಗಿತ್ತು."

ಅಜ್ಜಿ ನನ್ನ ಒಗೆದ ಪಂಚೆಯನ್ನೂ ಕೋಟನ್ನೂ ನೋಡಿ ಎದುರಿಗೆ ಕೂತರು. "ಕಾಫಿ ಕುಡೀತೀಯಾ? ಮದುವೆ ಆಗಿದ್ಯಾ?"

"ಇಲ್ಲ ಅಜ್ಜಿ."

"ಕೆಲಸ?"

"ಇವತ್ತು ಮಧ್ಯಾಹ್ನ ಗೊತ್ತಾಗತ್ತೆ."

"ಹಾಗಾದ್ರೆ ಮಜ್ಜಿಗೆ ತರ್ತೀನಿ ಇರು" ಎಂದು ಎದ್ದರು. ಮಜ್ಜಿಗೆಗೆ ಇಂಗು, ಕರಿಬೇವು ಬಿದ್ದಿತ್ತು; ಕಾಫಿ ತಪ್ಪಿದ ದುಃಖ ಅರ್ಧ ಇಳಿಯಿತು.

ಅಲ್ಲಿಂದ ಚಾಮರಾಜಪೇಟೆಗೆ ಮತ್ತೆರಡು ಜಗಲಿ. ರಸ್ತೆ ನೇರ, ಮರಗಳ ನೆರಳೂ ಉಂಟು. ಆದರೆ ನನ್ನ ಕಾಲುಗಳು ನನ್ನವಲ್ಲ, ಯಾರಿಂದಲೋ ಎರವಲು ತಂದವು ಎನಿಸತೊಡಗಿತು. ಹೋಟೆಲೊಂದರಲ್ಲಿ ಕೂತು ಇಡ್ಲಿಗೆ ಹೇಳಿ, ಮೇಜಿನ ಮೇಲೆ ತಲೆಯಿಟ್ಟೆ. ಬೆನ್ನಿನ ಮೇಲೆ ಧಡಾರನೆ ಏಟು ಬಿತ್ತು. ಹೈಸ್ಕೂಲಿನ ಗೆಳೆಯ ನಂಜುಂಡ.

"ಭಲೇ! ಯಾರ ಅಣಕವೋ ಇದು? ನಿಮ್ಮ ತಾತಂದಾ?"

"ನಂದೇ ಕಣೋ. ಸುಸ್ತು."

"ಆ ಕೆನ್ನೆ ಮೇಜಿಗೆ ಅಂಟಿಸ್ಕೊಂಡಿದ್ಯಲ್ಲ, ಅದು ಮಾತ್ರ ಬೊಂಬಾಟಾಗಿದೆ. ಇನ್ನೊಂದ್ಸಲ ಮಾಡು, ಇವ್ರೂ ನೋಡ್ಲಿ" ಎಂದು ಪಕ್ಕದ ಮೇಜಿನವರನ್ನೂ ಕರೆದ.

ಹತ್ತು ವರ್ಷ ಊರಿನವರ ಕೆಮ್ಮು, ಕುಂಟು, ಗೊರಕೆಗಳನ್ನೆಲ್ಲ ಅಣಕಿಸಿದವನಿಗೆ ಇದೇ ಸಂಬಳ. ನಾನು ಅತ್ತಿದ್ದರೂ ಅವನು ಚಪ್ಪಾಳೆ ತಟ್ಟುತ್ತಿದ್ದ. ಇಡ್ಲಿ ಮೆತ್ತಗಿತ್ತು, ಕಾಫಿ ಒಂದಾಣೆಗೆ ಮೋಸವಿಲ್ಲ. ದುಡ್ಡು ನಂಜುಂಡನೇ ಕೊಟ್ಟ. ಪ್ರದರ್ಶನಕ್ಕಂತೆ.

ಆಮೇಲಿನ ದಾರಿಯಲ್ಲಿ ಮೂಟೆ ಗಾಡಿ, ಸೈಕಲ್ಲು, "ದಾರಿ ದಾರಿ" ಎನ್ನುವ ಕೂಲಿಯವರು. ಪೇಟೆಯಲ್ಲಿ ನಿಧಾನವಾಗಿ ನಡೆಯುವವನು ಎಲ್ಲರಿಗೂ ಅಡ್ಡ. ಅಂತೂ ಸುಲ್ತಾನ್‌ಪೇಟೆ ಬಂತು. ನಮ್ಮ ಅಂಗಡಿಗೆ ಓರೆಯಾಗಿ ಎದುರು, ಬಾಗಿಲು ಹಾಕಿದ್ದ ಒಂದು ಮಳಿಗೆಯ ಮೆಟ್ಟಿಲ ಮೇಲೆ ಕುಸಿದೆ. ಉಸಿರು ಹತೋಟಿಗೆ ಬರುವವರೆಗೆ ಗೋಡೆಗೆ ಒರಗಿದ್ದೆ. ಮುಖ ಒರೆಸಿಕೊಂಡು, ಕ್ರಾಪು ಬಾಚಿಕೊಂಡು, ಬೆನ್ನು ನೆಟ್ಟಗೆ ಮಾಡಿ ಎದ್ದೆ. ಅಂಗಡಿಯ ಮೆಟ್ಟಿಲನ್ನು ಎರಡೆರಡಾಗಿ ಹಾರಿದೆ.

"ನಮಸ್ಕಾರ ಯಜಮಾನ್ರೇ! ನಡ್ಕೊಂಡೇ ಬಂದ್ಬಿಟ್ಟೆ!"

ಗುರುಬಸಪ್ಪನವರು ಎಂದಿನಂತೆ ಗಾದಿಯ ಮೇಲೆ ದಿಂಬಿಗೊರಗಿ ಕೂತಿದ್ದರು. ಹಣೆಯ ವಿಭೂತಿ ಕೂಡ ಬೆವರದ ಮನುಷ್ಯ. ಮುಂದೆ ಬೀಗರಿಬ್ಬರು ಮಾದರಿ ನೋಡುತ್ತಿದ್ದರು. ನಾನು ಅವರ ಕೈಯಿಂದ ಕಟ್ಟು ತೆಗೆದುಕೊಂಡು, ಅರಿಶಿನದ ಅಂಚು, ನವಿಲಿನ ಅಂಚು ಎಂದು ಹಳೆಯ ಹುರುಪಿನಲ್ಲಿ ಒಂದೊಂದೇ ಬಿಡಿಸಿದೆ. ಬೀಗರು ನಕ್ಕರು, ನವಿಲನ್ನೇ ಒಪ್ಪಿದರು, ಹೋದರು. ಉಳಿದ ಪತ್ರಿಕೆಗಳನ್ನು ಎದೆಗೊತ್ತಿಕೊಂಡು ಬಾಯಲ್ಲಿ ಉಸಿರೆಳೆದೆ.

"ಚೆನ್ನಾಗ್ ಮಾಡ್ದೆ" ಎಂದರು ಯಜಮಾನರು. "ಹೋದ್ವರ್ಷದ ಶೀನ ಥೇಟ್ ಹೀಗೇ ಇದ್ದ. ಉಸಿರೊಂದು ಸರಿಹೋಗ್ಲಿಲ್ಲ."

ನಾನು ಪತ್ರಿಕೆಗಳನ್ನು ಮತ್ತೆ ಕಟ್ಟಿಗೆ ಸೇರಿಸತೊಡಗಿದೆ.

"ಈಗ ನನ್ನ ಹಾಗೆ ಮಾಡು."

"ಅಯ್ಯೋ, ನಿಮ್ಮನ್ನ ನಾನು..."

"ನೀನು ನನ್ನ ಅಣಕಿಸೋದನ್ನ ಇಡೀ ಬೀದಿ ನೋಡಿದ್ಯಂತೆ. ನಾನೊಬ್ನೇ ನೋಡಿಲ್ಲ. ಮಾಡಯ್ಯ."

ಕೆಲಸ ಹೇಗೂ ಹೋಯಿತೆಂದುಕೊಂಡು ಗಂಟಲು ಸರಿಮಾಡಿಕೊಂಡೆ. ಬೆಲೆ ಹೇಳುವಾಗ ಅವರು ನೋಡುವಂತೆ ಸೂರು ನೋಡಿದೆ. "ನೋಡೀ, ನಿಮಗೇ ಅಂತ ಹೇಳ್ತಿದೀನಿ..."

"ತಪ್ಪು" ಎಂದರು. "ನಾನ್ಯಾವತ್ತಯ್ಯ ನಿಂತ್ಕೊಂಡು ವ್ಯಾಪಾರ ಮಾಡಿದೀನಿ? ಕೂತ್ಕೊಂಡು ಮಾಡು." ಪಕ್ಕಕ್ಕೆ ಸರಿದು ದಿಂಬನ್ನು ನನ್ನ ಕಡೆ ನೂಕಿದರು.

ಕೂತೆ. ಒರಗಿದೆ. "ನೋಡೀ, ನಿಮಗೇ ಅಂತ..." ಎಂದೆ. ಕಣ್ಣು ಮುಚ್ಚಿದ್ದು ತೇವಕ್ಕೋ ದಣಿವಿಗೋ ತಿಳಿಯಲಿಲ್ಲ. ಮತ್ತೆ ತೆರೆದಾಗ ಬಿಸಿಲು ಮೆಟ್ಟಿಲಿಂದ ಇಳಿದಿತ್ತು. ಯಜಮಾನರು ಕನ್ನಡಕದಲ್ಲಿ ಕರಡು ತಿದ್ದುತ್ತ ಕೂತಿದ್ದರು, ತಪ್ಪುತಪ್ಪಾಗಿ.

"ಬೆಳಿಗ್ಗೆ ಬಾ, ಊಟದ ಹೊತ್ತಿಗೆ ಹೊರಡು. ಇಲ್ಲೇ ಕೂತು ಕರಡು ನೋಡು. ಮಾದರಿ ತೋರ್ಸೋಕೆ ಬೇರೆಯೋರು ಬರ್ತಾರೆ. ಸಂಬಳ ಅರ್ಧ."

"ಅರ್ಧಾನಾ ಯಜಮಾನ್ರೇ?"

"ಅರ್ಧ ದಿವ್ಸಕ್ಕೆ ಪೂರ್ತಿ ಕೊಡೋಕೆ ನಾನೇನು ನಿನ್ ಮಾವನಾ?"

ಆಗ ನನ್ನ ಸ್ವಂತ ದನಿಯಲ್ಲೇ ಕೇಳಿದೆ: "ಸೋಮವಾರ ಏಳೋಕಾಗ್ದೇ ಇದ್ರೆ?"

"ಮಂಗಳವಾರ ಬಾ" ಎಂದು ಕರಡಿನಿಂದ ತಲೆಯೆತ್ತದೆ ಹೇಳಿದರು.

ಜಟಕಾದವನು ಬಸವನಗುಡಿಗೆ ಹತ್ತಾಣೆ ಕೇಳಿ ಅಮ್ಮನ ಎಂಟಾಣೆಗೆ ಒಪ್ಪಿದ. ಹುಲ್ಲಿನ ಮೇಲೆ ಹಿಂದಕ್ಕೆ ಮುಖ ಮಾಡಿ, ಕಾಲು ಇಳಿಬಿಟ್ಟು ಕೂತೆ. ಗಾಡಿ ಹೊರಟಿತು. ಗಾದಿ ಬಿಟ್ಟೇಳದ ಗುರುಬಸಪ್ಪನವರು ಎದ್ದು, ಬೀದಿ ದಾಟಿ, ನಾನು ಕುಸಿದಿದ್ದ ಆ ಮುಚ್ಚಿದ ಮಳಿಗೆಯ ಮೆಟ್ಟಿಲ ಮೇಲೆ ಕೂತಿದ್ದರು. ಪಕ್ಕದಂಗಡಿಯವರು ಸುತ್ತ ನಿಂತಿದ್ದರು. ಯಜಮಾನರು ಗೋಡೆಗೆ ಒರಗಿದರು, ಬಾಯಿ ತೆರೆದು ಉಸಿರೆಳೆದರು, ಮುಖ ಒರೆಸಿಕೊಂಡರು, ಇಲ್ಲದ ಕೂದಲನ್ನು ಬಾಚಿಕೊಂಡರು, ಬೆನ್ನು ನೆಟ್ಟಗೆ ಮಾಡಿ ಎದ್ದರು. ಯಾರೂ ನಗುತ್ತಿರಲಿಲ್ಲ.

ಕ್ರಾಪು ಮಾತ್ರ ತಪ್ಪು ಕಡೆಗೆ ಬಾಚಿದರು. ಸೋಮವಾರ, ಆಗದಿದ್ದರೆ ಮಂಗಳವಾರ, ಹೋಗಿ ತಿದ್ದಬೇಕು.