ಎರಡೇ ಸೀಟಿನ ಇಟಲಿ ಕಾರು

ಕಾರಿನ ಬಗ್ಗೆ ನನಗೆ ಗೊತ್ತಿರೋದು ಎರಡೇ. ಅದಕ್ಕೆ ನಾಲ್ಕು ಚಕ್ರ ಇರುತ್ತೆ. ಅದು ನನ್ನ ಹತ್ತಿರ ಇಲ್ಲ. ಇಂಥವನ ಕೈಲಿ ಕಾರಿನ ಜಾಹೀರಾತು ಬರೆಸೋಕೆ ಹೊರಟರಲ್ಲ, ನಮ್ಮ ಎದುರು ಮನೆ ರುದ್ರಪ್ಪನವರಿಗೆ ಏನು ಹೇಳೋಣ?

ಚಿಕ್ಕಪೇಟೆಯಲ್ಲಿ ರೇಷ್ಮೆ ಸೀರೆ ಅಂಗಡಿ ಅವರದು. ಕಾರು ಇಟಲಿಯದು. ಕೆಂಪು ಬಣ್ಣ, ಗಿಡ್ಡ ಮೈ, ಎರಡೇ ಸೀಟು. ಬಸವನಗುಡಿಯಲ್ಲಿ ಅಂಥದ್ದು ಇನ್ನೊಂದಿಲ್ಲ. (ಗುರುತು ಸಿಗಬಾರದು ಅಂತ ಅವರ ಹೆಸರು ಬದಲಾಯಿಸಿದ್ದೀನಿ. ನನ್ನ ಜಾಣತನ ನೋಡಿ!)

"ಮಾರ್ಬಿಡ್ತೀವಿ. ನೀವು ಪತ್ರಿಕೇಲಿ ಬರೆಯೋರು, ಪೇಪರಿಗೆ ನಾಲ್ಕು ಸಾಲು ಬರ್ಕೊಡಿ ಸ್ವಾಮಿ," ಅಂತ ರಿಜಿಸ್ಟ್ರೇಷನ್ ಪುಸ್ತಕ ಕೈಗಿಟ್ಟರು. ಯುದ್ಧದ ಕಾಲದಲ್ಲಿ ಊರು ಬಿಟ್ಟ ಯಾರೋ ಬಿಳಿ ದೊರೆಯಿಂದ ಇವರ ತಂದೆ ಕೊಂಡದ್ದಂತೆ. ಆಮೇಲೆ ದೊಡ್ಡಣ್ಣನ ಹೆಸರಲ್ಲಿ ಎರಡು ವರ್ಷ. ಎರಡನೆಯವರದು ಒಂದೂವರೆ. ಮೂರನೆಯವರದು ಹನ್ನೊಂದೇ ತಿಂಗಳು. ನಾಲ್ಕನೆಯವರು ನಮ್ಮ ರುದ್ರಪ್ಪ. ಒಂಬತ್ತು ವರ್ಷ!

ನನಗೆ ತಲೆಬುಡ ತಿಳೀಲಿಲ್ಲ. ಇಂಥ ಕಾರನ್ನ ಯಾರಾದ್ರೂ ಹೀಗೆ ಕೈಯಿಂದ ಕೈಗೆ ದಾಟಿಸ್ತಾರಾ? ಪತ್ತೇದಾರನ ಗತ್ತಲ್ಲಿ ಕೇಳೇಬಿಟ್ಟೆ. "ಅಣ್ಣಂದಿರೆಲ್ಲ ಬೇಗ ಬೇಗ ಕೈತೊಳ್ಕೊಂಡಿದಾರೆ. ನೀವೊಬ್ರೇ ಸಿಕ್ಕಾಕ್ಕೊಂಡಿದೀರಿ. ನಿಜ ಹೇಳಿ, ಐಬು ಎಲ್ಲಿದೆ?"

ರುದ್ರಪ್ಪ ಕಿಟಕಿ ಕಡೆ ನೋಡಿದರು. ಕಾಫಿ ತಂದಿದ್ದ ಅವರ ಮನೆಯಾಕೆ ಗಿರಿಜಮ್ಮ ಲೋಟ ಇಟ್ಟು, "ಕಾರಲ್ಲಿ ಐಬಿಲ್ಲ ಅಂತ ಬರೀರಿ," ಅಂದವರೇ ಒಳಗೆ ಹೋದರು.

ನಾನಂದಿದ್ದರಲ್ಲಿ ತಪ್ಪೇನು? ಕಾಫಿ ಕುಡೀಬೇಕೋ, ಬಿಡಬೇಕೋ? ಅದೂ ಗೊತ್ತಾಗದೆ ಅರ್ಧ ಕುಡಿದು ಎದ್ದು ಬಂದೆ.

ಮನೇಲಿ ನನ್ನ ಹೆಂಡತಿ ಹಣೆ ಚಚ್ಚಿಕೊಂಡಳು. "ಅಯ್ಯೋ, ನಿಮ್ಮ ಬುದ್ಧಿಗಿಷ್ಟು! ಆ ಮನೇಲಿ ಕಾರು ಹೊಸದಾಗಿ ಮದುವೆ ಆದೋರಿಗೆ ರೀ. ಮಗು ಆದ್ರೆ ಎರಡು ಸೀಟು ಸಾಲಲ್ವಲ್ಲ, ಮುಂದಿನವರಿಗೆ ಹೋಗುತ್ತೆ. ಗಿರಿಜಮ್ಮಂಗೆ ಮಕ್ಕಳಿಲ್ಲ. ನೆಂಟರೆಲ್ಲ ಸಿಕ್ಕಾಗ ಏನ್ ಕೇಳ್ತಾರೆ ಗೊತ್ತಾ? 'ಕಾರು ಇನ್ನೂ ನಿಮ್ಮ ಹತ್ರಾನೇ ಇದೆಯಾ?' ಅಂತ. ಅದಕ್ಕೇ ಮಾರ್ತಿರೋದು."

ನಾಚಿಕೆಯಿಂದ ಕುಗ್ಗಿಹೋದೆ. ಅದೇ ಪ್ರಶ್ನೆಯನ್ನ ನಾನೂ ಎಷ್ಟು ಸಲ ಕೇಳಿದೀನೋ! (ಕಾರಿನ ಮೇಲಿನ ಆಸೆಗೆ ಕೇಳಿದ್ದು, ದೇವರಾಣೆ.)

ಮಾರನೇ ದಿನ ಕ್ಷಮೆ ಕೇಳೋಕೆ ಹೋದೆ. ನಾನು ಶುರು ಮಾಡೋ ಮೊದಲೇ ಗಿರಿಜಮ್ಮನೇ ಅಂದರು: "ಜಾಹೀರಾತು ಬೇಡ. ಕಾರು ಮಾರಿದ್ರೆ ಜನ ಕೇಳೋದು ಬಿಡ್ತಾರಾ? ನಂಗೆ ಆ ಕಾರಂದ್ರೆ ಇಷ್ಟ. ಬೇಕಾದ್ರೆ ಇದನ್ನೇ ಬರೀರಿ, ಎಲ್ರೂ ಓದ್ಕೊಳ್ಳಲಿ."

ಬರೆದಿದ್ದೀನಿ. ಸರಿಯೋ ತಪ್ಪೋ, ಈಗಲೂ ಗೊಂದಲವೇ.

ಮೊನ್ನೆ ಸಂಜೆ ಗಾಂಧಿಬಜಾರಿನಲ್ಲಿ ಆ ಕಾರು ಹೋಯಿತು. ಅವರು ಸ್ಟೀರಿಂಗ್ ಹಿಡಿದು, ಇವರು ಗಾಳಿಗೆ ಸೆರಗು ಹಿಡಿದು, ಇಬ್ಬರೂ ಏನಕ್ಕೋ ಜೋರಾಗಿ ನಗ್ತಿದ್ದರು. ನನ್ನ ಪಕ್ಕ ಹೂವು ಕೊಳ್ತಿದ್ದವರೊಬ್ಬರು ಬಗ್ಗಿ ನೋಡಿ, "ಪಾಪ," ಅಂದರು.

ಅಲ್ಲ ಸ್ವಾಮಿ, ಇರೋದೇ ಎರಡು ಸೀಟು, ಎರಡೂ ಭರ್ತಿ. ಖಾಲಿ ಸೀಟು ಎಲ್ಲಿ ಕಂಡಿತು ನಿಮಗೆ?