ಕುರಿ ಮಂದೆ ಮಲಗಿದ ಮೈದಾನ

ಶ್ರೀರಾಂಪುರದ ಕಡೆಯ ನಮ್ಮೂರಿನ ಫುಟ್‌ಬಾಲ್ ಸಂಘಕ್ಕೆ ಎಪ್ಪತ್ತರ ದಶಕದಲ್ಲಿ ಸ್ವಂತ ಮೈದಾನವಿರಲಿಲ್ಲ. ಹೊಳಲ್ಕೆರೆ, ಹಿರಿಯೂರು ಎಂದು ಬಸ್ಸು ಹತ್ತಿ ಹೋಗಿ, ಅಲ್ಲಿಯ ಜನರ ಕೂಗಾಟದ ನಡುವೆ ಸೋತು ಬರುವುದೇ ನಮ್ಮ ಕಸುಬಾಗಿತ್ತು. ನಮ್ಮೂರಿನವರ ಎದುರು ಒಂದೇ ಒಂದು ಪಂದ್ಯ ಆಡಬೇಕೆಂಬ ಹುಚ್ಚು ಎಲ್ಲರಿಗೂ ಹಿಡಿದಿತ್ತು.

ಕೊನೆಗೆ ಊರಿನ ಯಜಮಾನರೊಬ್ಬರು ತಮ್ಮ ಬೀಳು ಹೊಲ ತೋರಿಸಿದರು. "ಹುಲ್ಲುಕಡ್ಡೀನೂ ಹುಟ್ಟಲ್ಲ ಅಲ್ಲಿ. ಆಡ್ಕಳ್ರಿ" ಎಂದರು.

ಕ್ರೀಡಾಂಗಣದ ವಿನ್ಯಾಸ ಪೂರ್ತಿ ನಮ್ಮದೇ. ಬಾವಿ ಹಗ್ಗ ಹಿಡಿದು ಅಳೆದೆವು. ನೀಲಗಿರಿ ಕಂಬ ನೆಟ್ಟು, ಮೇಲೆ ಅಡ್ಡಕ್ಕೆ ಹಗ್ಗ ಕಟ್ಟಿದೆವು. ಅದು ಜೋತುಬಿದ್ದಷ್ಟೂ ಗೋಲ್‌ಕೀಪರಾದ ನನಗೆ ಅನುಕೂಲ. ಪಕ್ಕದ ಹಾಸುಬಂಡೆಯೇ ಗ್ಯಾಲರಿ. ಬಿಸಿಲೇರಿದರೆ ಅದರ ಮೇಲೆ ಕೂರಲಾಗದೆ ಜನ ನಿಂತೇ ನಮ್ಮ ಅಭ್ಯಾಸ ನೋಡುತ್ತಿದ್ದರು.

ನೆಲ ಮಾತ್ರ ಕಲ್ಲು. ಹಾರಿ ಬಿದ್ದರೆ ಮೊಣಕೈ ಚರ್ಮ ಅಲ್ಲೇ ಉಳಿಯುತ್ತಿತ್ತು, ಹಾಗಾಗಿ ನಾನು ಹಾರುತ್ತಲೇ ಇರಲಿಲ್ಲ. ಹುಲ್ಲು ಬೆಳೆಸಬೇಕೆಂದು ನಮ್ಮ ನಾಯಕ ತನ್ನ ಸೋದರಮಾವನ ಕುರಿಗಳನ್ನು ಕರೆತಂದ. ಗೊಬ್ಬರಕ್ಕಾಗಿ ರಾತ್ರಿ ಹೊಲದಲ್ಲಿ ಕುರಿ ಮಂದೆ ನಿಲ್ಲಿಸುವುದು ನಮ್ಮ ಕಡೆಯ ವಾಡಿಕೆ. ಕುರಿಯವರಿಗೆ ಕಾಳು ಕೊಟ್ಟು ಕರೆಯುತ್ತಾರೆ. ಮಾವ ಅಳಿಯನ ಮುಖ ನೋಡಿ ಪುಕ್ಕಟೆ ಬಂದ. ಬೇಸಿಗೆಯುದ್ದಕ್ಕೂ ಕುರಿಗಳು ಒಂದು ರಾತ್ರಿ ಈ ಗೋಲಿನ ಬಳಿ, ಇನ್ನೊಂದು ರಾತ್ರಿ ಆ ಗೋಲಿನ ಬಳಿ ಮಲಗಿದವು. ನಮ್ಮ ತಂಡದಲ್ಲಿ ಅಷ್ಟು ಶಿಸ್ತಾಗಿ ಜಾಗ ಬದಲಿಸಿದವರು ಯಾರೂ ಇರಲಿಲ್ಲ.

ಮುಂಗಾರಿಗೆ ಮೈದಾನ ಹಸಿರಾಯಿತು. ಚೆಂಡು ಬರಲಿ ಬಿಡಲಿ, ನಾನು ಸುಮ್ಮಸುಮ್ಮನೆ ಹಾರಿ ಬೀಳತೊಡಗಿದೆ. ಭಾನುವಾರ ನಮ್ಮಲ್ಲೇ ಪಂದ್ಯವೆಂದು ಹೊಳಲ್ಕೆರೆಯವರಿಗೆ ಹೇಳಿಕಳಿಸಿದೆವು.

ಶುಕ್ರವಾರ ಯಜಮಾನರು ಬಂದರು. ಬಗ್ಗಿ, ಹುಲ್ಲು ಸರಿಸಿ, ಒಂದು ಹಿಡಿ ಮಣ್ಣು ತೆಗೆದು ಮೂಸಿದರು. ನಾಯಕನ ಎದೆ ಉಬ್ಬಿತು.

"ಹೆಂಗೈತೆ ಯಜಮಾನ್ರೆ?" ಎಂದು ಕೇಳಿದ.

"ಭಾಳ ಚೆನ್ನಾಗೈತಪ್ಪ. ನಾಳೆ ನೇಗಿಲು ಹೂಡ್ತೀನಿ. ಶೇಂಗಾ ಹಾಕಾಣ."

"ಭಾನುವಾರ ಪಂದ್ಯ ಐತೆ. ಅದೊಂದು ಮುಗೀಲಿ, ತಡೀರಿ."

"ಹದ ತಪ್ಪಿದ್ರೆ ಮತ್ತೆ ಮಳೆ ನಿಮ್ಮಪ್ಪ ತರ್ತಾನಾ?"

ಹೊಲ ಅವರದು. ನಮ್ಮ ಮುಖ ನೋಡಿ ಅವರಿಗೂ ಅಯ್ಯೋ ಅನ್ನಿಸಿರಬೇಕು.

"ಬೇಜಾರಾಗಬ್ಯಾಡ್ರಿ. ಬಂಡೆ ಆಚೆ ಹೊಲನೂ ನಂದೇ, ಅದೂ ಬರಡು. ಅಲ್ಲಿ ಆಡ್ಕಳ್ರಿ" ಎಂದರು. ನಾಲ್ಕು ಹೆಜ್ಜೆ ಹೋದವರು ತಿರುಗಿ, "ಕುರಿ ಮಾತ್ರ ಮರೀಬ್ಯಾಡ್ರಿ" ಎಂದರು.

ನಾಯಕ ಗೋಲಿನ ಕಂಬ ಕೀಳಲು ಅಲ್ಲಾಡಿಸತೊಡಗಿದ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. ಇನ್ನೊಂದು ಕಂಬಕ್ಕೆ ನಾನು ಕೈಹಾಕಿದೆ.