ಹಗ್ಗದ ಆ ತುದಿ ಅಕ್ಕನ ಕೈಯಲ್ಲಿ

ಆರು ವಾರ ನನ್ನ ವೈದ್ಯ ಮುರಿದ ಸೇತುವೆಯೊಂದರಿಂದ ಹಗ್ಗ ಹಿಡಿದು ನೇತಾಡುತ್ತಿದ್ದ. ಕೆಳಗೆ ತಳ ಕಾಣದ ಕಮರಿ. ಹಗ್ಗದ ಇನ್ನೊಂದು ತುದಿ ಅಕ್ಕನ ಕೈಯಲ್ಲಿತ್ತು. ಅಕ್ಕ ರಾಮದುರ್ಗದಲ್ಲಿದ್ದಳು, ನನ್ನ ಮೇಲೆ ಸಿಟ್ಟಾಗಿದ್ದಳು.

ವೈದ್ಯ ಒಂದು ಆಟದ ಕಾಗದದ ಮೇಲಿನವನು. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ಗಣಿತ ಕಲಿಸುವ ಬೈಲಹೊಂಗಲದ ಶಾಲೆಯಲ್ಲಿ ಅದನ್ನು ಹೇಳದೆ, ನಮ್ಮವನೊಬ್ಬ ಕಮರಿಯ ಮೇಲೆ ನೇತಾಡುತ್ತಿದ್ದಾನೆ ಎಂದಷ್ಟೇ ಹೇಳಿ ಮುಖ ಬಾಡಿಸಿಕೊಂಡು ಕುಳಿತಿದ್ದಕ್ಕೆ ವಿಜ್ಞಾನದ ಮಾಸ್ತರರು, “ನಿಮ್ಮ ಪೈಕಿ ಯಾರೋ ಎತ್ತರದಿಂದ ಬೀಳೂಹಂಗ ಆಗೇತಂತಲ್ರಿ, ಯಾವ ದವಾಖಾನ್ಯಾಗ ಇಟ್ಟೀರಿ?” ಎಂದು ಕೇಳಿದ್ದರು.

ಮೊದಲು ನಮ್ಮ ಮನೆಗೆ ಬಂದದ್ದು ಫೋನಿನ ಆಟ. ಧಾರವಾಡದಲ್ಲಿ ಓದುವ ಮಗಳು ಕಲಿಸಿದಳು. ನಾಲ್ವರ ತಂಡ: ಅವಳು, ಹೆಂಡತಿ, ನಾನು, ರಾಮದುರ್ಗದಿಂದ ಅಕ್ಕ. ಆಕಾಶದಿಂದ ಒಂದು ದ್ವೀಪಕ್ಕೆ ಇಳಿಯಬೇಕು, ಸಿಕ್ಕ ಸಿಕ್ಕ ಮನೆ ಹೊಕ್ಕು ಬಂದೂಕು ಹುಡುಕಬೇಕು, ಬೇರೆ ತಂಡಗಳನ್ನು ಹೊಡೆಯಬೇಕು. ಸತ್ತರೆ ಮತ್ತೊಂದು ಆಟ ಶುರು. ಗ್ಯಾಸ್ ಬಂದ್ ಮಾಡಿದ್ದೇನೋ ಇಲ್ಲವೋ ಎಂದು ಬಸ್ ನಿಲ್ದಾಣದಿಂದ ಎರಡೆರಡು ಸಲ ಮನೆಗೆ ಮರಳಿದ ಮನುಷ್ಯ ನಾನು. ಫೋನಿನಲ್ಲಿ ಮಾತ್ರ ಒಂದು ರವಿವಾರಕ್ಕೆ ಏಳು ಸಲ ನೆಮ್ಮದಿಯಿಂದ ಸಾಯುತ್ತಿದ್ದೆ. ಅಕ್ಕ ಸಾಯುತ್ತಿರಲಿಲ್ಲ. ಮೂವತ್ತು ವರ್ಷ ಹೊಲಿಗೆ ಕ್ಲಾಸ್ ನಡೆಸಿದವಳು, ಸೂಜಿಗೆ ದಾರ ಪೋಣಿಸುವ ಕಣ್ಣು. ದೂರದ ಗುಡ್ಡದ ಮೇಲೆ ಒಂದು ಟೊಪ್ಪಿಗೆ ಕಂಡರೆ ಸಾಕು, ಅದರ ಕೆಳಗಿನ ಮನುಷ್ಯ ಮುಗಿದಂತೆಯೇ.

ಆಮೇಲೆ ಮಗಳು ಹಾಸ್ಟೆಲ್ ಗೆಳತಿಯರಿಂದ ಮೇಜಿನ ಆಟ ತಂದಳು. ಅದರಲ್ಲಿ ಪರದೆ ಇಲ್ಲ. ಒಬ್ಬರು ಕತೆ ಹೇಳುತ್ತಾರೆ, ಉಳಿದವರು ಕತೆಯೊಳಗಿನ ಜನ. ತಾನು ಯಾರು, ತನ್ನ ಬಳಿ ಏನೇನಿದೆ ಎಂದು ಒಬ್ಬೊಬ್ಬರೂ ಒಂದೊಂದು ಕಾಗದದಲ್ಲಿ ಬರೆದುಕೊಳ್ಳಬೇಕು; ನಾನು ವೈದ್ಯ. ನೀನು ಏನು ಮಾಡುತ್ತಿ ಎಂದು ಬಾಯಿಂದ ಹೇಳಬೇಕು, ಇಪ್ಪತ್ತು ಮುಖದ ದಾಳ ಎಸೆಯಬೇಕು. ದೊಡ್ಡ ಸಂಖ್ಯೆ ಬಿದ್ದರೆ ಕೆಲಸ ಆಯಿತು, ಸಣ್ಣದು ಬಿದ್ದರೆ ಕೆಟ್ಟಿತು. ಅಕ್ಕ ಇದಕ್ಕಾಗಿ ವಾರ ಬಿಟ್ಟು ವಾರ ಬಸ್ ಹತ್ತಿ ಬರತೊಡಗಿದಳು. ನಮ್ಮಜ್ಜಿ ಕವಡೆ ಎಸೆಯುತ್ತಿದ್ದ ಹಾಗೆಯೇ ಅವಳೂ ದಾಳವನ್ನು ಅಂಗೈಯಲ್ಲಿ ಅಲುಗಿಸಿ, ಊದಿ, ಕಣ್ಣು ಮುಚ್ಚಿ ಎಸೆಯುವಳು.

ಮೊದಲ ದಿನ ನಾವು ಫೋನಿನ ಚಟಗಳನ್ನೆಲ್ಲ ಹೊತ್ತುಕೊಂಡು ಮೇಜಿಗೆ ಬಂದಿದ್ದೆವು. ಮಗಳು, “ನೀವು ಒಂದು ಹಳ್ಳಿಗೆ ಬಂದೀರಿ, ಸಂಜಿ ಆಗೇತಿ” ಎಂದು ಬಾಯಿ ತೆರೆಯುವುದರೊಳಗೆ ಅಕ್ಕ ಮೂರು ಮನೆ ಹೊಕ್ಕಿದ್ದಳು.

“ಅತ್ತಿ, ಆ ಮನ್ಯಾಗ ಜನಾ ಅದಾರ. ಊಟಕ್ಕ ಕುಂತಾರ.”

“ಕುಂತರ ಕುಂದರ್ಲಿ. ಬಂದೂಕ ಎಲ್ಲಿಟ್ಟಾರ, ಅದನ್ ಹೇಳು.”

ನಾನು ಚಾವಣಿಯಿಂದ ಜಿಗಿದೆ. ಫೋನಿನಲ್ಲಿ ದಿನಾ ಜಿಗಿಯುತ್ತಿದ್ದೆ, ಏನೂ ಆಗುತ್ತಿರಲಿಲ್ಲ. ದಾಳ ಎರಡು ಬಿತ್ತು.

“ಅಪ್ಪಾ, ನಿನ್ನ ಕಾಲು ಮುರೀತು.”

“ಇರ್ಲಿ, ಸತ್ತು ಮತ್ತ ಬರತೇನಿ.”

“ಇಲ್ಲಿ ಮತ್ತ ಬರೂದಿಲ್ಲ. ಸತ್ತರ ಸತ್ತಂಗ. ಕಾಗದ ಹರದು ಒಗೀತೇನಿ.”

ಆ ಮಾತು ನನ್ನ ರವಿವಾರಗಳನ್ನು ಕೆಡಿಸಿತು. ಸತ್ತರೆ ಸತ್ತಂತೆ ಎಂಬ ಲೋಕ ಹೊರಗೆ ಒಂದಿತ್ತು, ಮನೆಯೊಳಗೆ ಇನ್ನೊಂದು ಬೇಕಾಗಿರಲಿಲ್ಲ. ಅಂದಿನಿಂದ ನನ್ನ ವೈದ್ಯನ ಚೀಲ ತುಂಬತೊಡಗಿತು. ಹಗ್ಗ, ಮೇಣದಬತ್ತಿ, ಛತ್ರಿ, ಅಮೃತಾಂಜನ, ಚುರುಮುರಿ, ಒಂದು ಜೋಡಿ ಹೆಚ್ಚಿನ ಚಪ್ಪಲಿ. ಒಟ್ಟು ನಲವತ್ತೊಂದು ಸಾಮಾನು, ಕಾಗದದ ಹಿಂದೂ ಮುಂದೂ. ಡಕಾಯಿತರು ಎದುರಾದರೆ ಉಳಿದವರು ಕತ್ತಿ ಹಿರಿಯುವರು. ನಾನು ಚೀಲದಲ್ಲಿ ಏನಿದೆ ಎಂದು ಓದುವೆ.

ಕತ್ತಿಯ ಕೆಲಸವೂ ಬರಬರುತ್ತ ಕಡಿಮೆಯಾಯಿತು. ಮೇಜಿನ ಆಟದಲ್ಲಿ ಶತ್ರುವಿನ ಜೊತೆ ಮಾತಾಡಬಹುದು ಎಂದು ಹೆಂಡತಿ ಕಂಡುಹಿಡಿದಳು. ಡಕಾಯಿತರ ಒಡತಿಯನ್ನು ಕೂರಿಸಿ, ಯಾವೂರು, ಎಷ್ಟು ಮಕ್ಕಳು, ತವರುಮನೆ ಎಲ್ಲಿ ಎಂದು ವಿಚಾರಿಸಿ, ಕೊನೆಗೆ ಉಡಿ ತುಂಬಿ ಕಳಿಸಿದಳು. ನಮ್ಮ ಕಡೆ ಮನೆಗೆ ಬಂದ ಮುತ್ತೈದೆ ಸೆರಗಿನಲ್ಲಿ ಅಕ್ಕಿ, ತೆಂಗಿನಕಾಯಿ, ಅಡಿಕೆ, ರವಿಕೆಯ ಖಣ ತುಂಬಿಸಿಕೊಂಡೇ ಹೊರಡಬೇಕು. ಡಕಾಯಿತರವಳಾದರೇನು. ಮಗಳು ತಯಾರಿಸಿಟ್ಟಿದ್ದ ದೊಡ್ಡ ಯುದ್ಧ ಹಾಗೆಯೇ ಕೊಳೆಯಿತು.

ಹೀಗಿರುವಾಗ ಸೇತುವೆ ಬಂತು, ಮುರಿಯಿತು, ನಾನು ನೇತಾಡಿದೆ. ಅಕ್ಕ ಹಗ್ಗ ಹಿಡಿದಳು. ದಾಳ ಎಸೆಯಬೇಕು, ಅಷ್ಟರಲ್ಲಿ ಗಡಿಯಾರ ನೋಡಿ, “ಅಯ್ಯ, ನಾಕರ ಬಸ್ಸು” ಎಂದು ಚಪ್ಪಲಿ ಮೆಟ್ಟಿ ಓಡಿದಳು. ಬರುವ ಸಲ ಎಳೆದುಕೊಳ್ಳುತ್ತಾಳೆ ಎಂದುಕೊಂಡೆ.

ಮೂರು ದಿನಕ್ಕೆ ಫೋನಿನ ಆಟಕ್ಕೆ ಕೂತೆವು. ಅಕ್ಕನ ಹೆಸರಿನ ಮುಂದೆ ಬಂಗಾರದ ಬಿಲ್ಲೆ ಬರಲು ಒಂದೇ ಗೆಲುವು ಬಾಕಿ. ವರ್ಷಗಟ್ಟಲೆ ಕಾದ ಬಿಲ್ಲೆ. ಹೊಲಿಗೆ ಕ್ಲಾಸಿನ ಹುಡುಗಿಯರಿಗೆಲ್ಲ ಹೇಳಿಯೂ ಆಗಿತ್ತು. ದ್ವೀಪದಲ್ಲಿ ಉಳಿದದ್ದು ನಾನು, ಅಕ್ಕ, ಒಬ್ಬನೇ ಶತ್ರು. ಅಕ್ಕ ನನ್ನ ಹಿಂದೆ ಗೋಡೆಯ ಮರೆಯಲ್ಲಿ. ಶತ್ರು ಬಾಗಿಲಲ್ಲಿ ಕಾಣಿಸಿದ. ಈ ಆಟದಲ್ಲಿ ಹತ್ತಿರ ಬಂದವರಿಗೆ ನಮ್ಮ ಮಾತು ಕೇಳುತ್ತದೆ. ನಾನು ಗುಂಡು ಹಾರಿಸಬೇಕಿತ್ತು. ಆದರೆ ತಿಂಗಳುಗಟ್ಟಲೆ ಮೇಜಿನ ಸಂಸ್ಕಾರ ಆಗಿತ್ತಲ್ಲ, ಬಾಯಿ ತಾನೇ ತೆರೆಯಿತು.

“ನಮಸ್ಕಾರ್ರಿ. ಯಾವೂರಾತು ನಿಮ್ದು?”

ಒಂದು ಕ್ಷಣ ಅವನೂ ನಿಂತ. “ಹೂಲಿರಿ. ನಿಮ್ದು?”

“ಬೈಲಹೊಂಗಲರಿ. ಗುರ್ತಿನೂರ ಬಂತಲ್ಲ. ನಮ್ಮಕ್ಕನೂ ಇಲ್ಲೇ ಗ್ವಾಡಿ ಹಿಂದ ಅದಾಳ, ಮಾತಾಡಸ್ರಿ.”

“ಹೌದೇನ್ರಿ. ಚಾ ಆತೇನ್ರಿ ನಿಮ್ದು?”

“ಇನ್ನೂ ಇಲ್ರಿ.”

“ತಪ್ಪ ತಿಳ್ಕೊಬ್ಯಾಡ್ರಿ ಮತ್ತ” ಎಂದು ನನ್ನನ್ನು ಹೊಡೆದ. ಆಮೇಲೆ ಗೋಡೆಯ ಹಿಂದೆ ಹೋಗಿ ಅಕ್ಕನನ್ನೂ.

ಅಕ್ಕ ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಮರುದಿನ ಮಗಳಿಗೆ ಫೋನ್ ಮಾಡಿ, ಇನ್ನು ಮೇಜಿಗೂ ಬರುವುದಿಲ್ಲ, ಫೋನಿಗೂ ಬರುವುದಿಲ್ಲ ಎಂದು ಹೇಳಿ ಇಟ್ಟುಬಿಟ್ಟಳು.

ನಾನು ಮಗಳ ಬೆನ್ನು ಹತ್ತಿದೆ. ನಿನ್ನ ಕತೆಯಲ್ಲವೇ, ಒಂದು ಮರದ ಟೊಂಗೆಯನ್ನಾದರೂ ತರಬಾರದೇ ಎಂದೆ.

“ಹಗ್ಗ ಅತ್ತಿ ಕೈಯಾಗ ಐತಿ ಅಪ್ಪಾ. ನಾ ಏನ್ ಮಾಡ್ಲಿ?”

“ಗಾಳಿ ಹೆಂಗೈತಿ?”

“ಬೀಸಾಕತ್ತೈತಿ.”

ಪ್ರತಿ ಶನಿವಾರ ಅವಳು ಬಂದಾಗ ಕೇಳುತ್ತಿದ್ದೆ. ಪ್ರತಿ ಶನಿವಾರ ಬೀಸುತ್ತಿತ್ತು. ತರಗತಿಯಲ್ಲಿ ತ್ರಿಕೋನಮಿತಿ ಕಲಿಸುತ್ತ ಕಮರಿಯ ಆಳ ಎಷ್ಟಿರಬಹುದು ಎಂದು ಬೋರ್ಡಿನ ಮೇಲೆ ಲೆಕ್ಕ ಮಾಡಿದೆ. ಮಕ್ಕಳು ಬರೆದುಕೊಂಡರು. ಅಕ್ಕನಿಗೆ ನಾಲ್ಕು ಸಲ ಫೋನ್ ಮಾಡಿದೆ. ನಾಲ್ಕೂ ಸಲ ಅವಳ ಗಂಡ, ನಮ್ಮ ಮಾಮಾ, ಎತ್ತಿ, “ಅಕಿ ಮಷಿನ್ ಮ್ಯಾಲ ಕುಂತಾಳಪಾ” ಎಂದ. ವೈದ್ಯನ ಚಿಂತೆ ಎಲ್ಲಿ ಮುಗಿದು ಅಕ್ಕನ ಚಿಂತೆ ಎಲ್ಲಿ ಶುರುವಾಯಿತೋ ನನಗೇ ತಿಳಿಯದಾಯಿತು.

ಕೊನೆಗೆ ಹೆಂಡತಿಯೇ ಹೇಳಿದಳು: “ಹೋದ ಸಲ ಅಕ್ಕಾರು ಉಡಿ ತುಂಬಿಸ್ಕೊಳ್ಳದ ಹೋದ್ರು. ಅಲ್ಲೇ ಕೆಟ್ಟೈತಿ ನೋಡ್ರಿ. ನಡೀರಿ, ಅಲ್ಲೇ ಹೋಗಿ ತುಂಬೂಣು.”

ಆರನೆಯ ರವಿವಾರ ಮೂವರೂ ಸವದತ್ತಿ ಮೇಲಿನ ಬಸ್ ಹಿಡಿದೆವು. ಅಕ್ಕಿ, ಕಾಯಿ, ಖಣ ಎಲ್ಲ ಚೀಲದಲ್ಲಿ. ಅಡಿಕೆಯ ಪೊಟ್ಟಣದೊಳಗೆ ಯಾರಿಗೂ ಹೇಳದೆ ನಾನು ಆ ದಾಳವನ್ನೂ ಹಾಕಿದ್ದೆ. ಅಕ್ಕನ ಇಷ್ಟದ ದಾಳ, ಕಂದು ಬಣ್ಣದ್ದು; ಕಂಡರೆ ಮನಸ್ಸು ಕರಗೀತು ಎಂಬ ಆಸೆ. ಹೂಲಿ ದಾಟುವಾಗ ಹೆಂಡತಿ ಕಿಟಕಿಯ ಹೊರಗೆ ನೋಡುತ್ತ, “ಇಳದು ಮಾತಾಡಿಸ್ಕೊಂಡ್ ಬರತೀರೇನು?” ಎಂದಳು.

ಅಕ್ಕ ಬಾಗಿಲು ತೆರೆದಳು, ಮಗಳ ತಲೆ ಸವರಿದಳು, ನನ್ನ ಕಡೆ ನೋಡದೆ ಹೆಂಡತಿಗೆ ಹೇಳಿದಳು: “ನಿನ್ನ ಗಂಡಗ ಚಾ ಬೇಕೇನ ಕೇಳು. ಹೂಲಿಯವ್ರು ಕುಡಿಸಿದ್ರ ಬ್ಯಾಡ.”

ಹೆಂಡತಿ ಪೊಟ್ಟಣದ ಅಡಿಕೆಯನ್ನು ನೋಡದೆಯೇ ಸುರಿದು ಉಡಿ ತುಂಬಿದಳು. ಉಡಿಗೆ ಸಿಟ್ಟು ತೋರಿಸುವಂತಿಲ್ಲ. ಅಕ್ಕ ಕಣ್ಣಿಗೊತ್ತಿಕೊಂಡು, ಪಡಸಾಲೆಯಲ್ಲಿದ್ದ ಸ್ಟೀಲಿನ ತಾಟಿಗೆ ಸೆರಗು ಬಿಚ್ಚಿದಳು. ಅಕ್ಕಿಯ ಹಿಂದೆ ಅಡಿಕೆ ಉರುಳಿದವು, ಅಡಿಕೆಯ ಜೊತೆ ದಾಳವೂ ಉರುಳಿತು, ತಾಟಿನ ಅಂಚಿಗೆ ಠಣ್ಣೆಂದು ಬಡಿದು ನಿಂತಿತು. ಮೂರು.

ಮಗಳು ಬಗ್ಗಿ ನೋಡಿದಳು. “ಅತ್ತಿ, ಮೂರು ಬಿತ್ತು.”

“ಏನ್ ಮೂರು?”

“ಹಗ್ಗ ನಿನ್ನ ಕೈಯಾಗ ಇತ್ತು. ದಾಳ ಬಿದ್ದದ್ದೂ ನಿನ್ನ ಕೈಯಿಂದನ. ಮೂರಕ್ಕ ಹಗ್ಗ ಜಾರತೈತಿ. ಅಪ್ಪ ಬೀಳತಾನ.”

ನಾನು ದಾಳವನ್ನು ಎರಡು ಸಲ ನೋಡಿದೆ, ಮೂರೇ. ನನ್ನ ಕೈಯಾರೆ ಪೊಟ್ಟಣ ಕಟ್ಟಿ ತಂದಿದ್ದೆ.

“ಯಾರ್ ಬೀಳತಾನ?” ಅಕ್ಕನ ದನಿ ಏರಿತು. “ಉಡಿ ತುಂಬೂದು ಬಾಳಲಿ ಅಂತ, ಸಾಯಲಿ ಅಂತಲ್ಲ. ಉಡ್ಯಾಗಿಂದ ಬಿದ್ದದ್ದು ಲೆಕ್ಕಕ್ಕಿಲ್ಲ.”

“ಮೇಜಿನ ಮ್ಯಾಲ ಬಿದ್ದದ್ದೆಲ್ಲ ಲೆಕ್ಕಾನ, ಅತ್ತಿ.”

“ಇದ್ಯಾವ ಮೇಜು? ಇದು ತಾಟು.”

“ನಾ ಊಟ ಮಾಡೂ ತಾಟು” ಎಂದ ಮಾಮಾ, ಮೂಲೆಯಿಂದ ಸಾಕ್ಷಿಯಂತೆ.

“ಆರು ವಾರದಿಂದ ಹಿಡದೇನಿ, ಒಂದ್ ದಿನಾನೂ ಬಿಟ್ಟಿಲ್ಲ” ಎಂದಳು ಅಕ್ಕ. “ಈಗ ಅಕ್ಕಿ ಕಾಳಿಗೆ ತಾಗಿ ಬಿದ್ದದ್ದಕ್ಕ ಬಿಡಲೇನ? ತಾ ಇಲ್ಲಿ.”

ಮಗಳು ಸೋತಂತೆ ಮುಖ ಮಾಡಿ ದಾಳ ಕೊಟ್ಟಳು. ಅಕ್ಕ ಅಲುಗಿಸಿದಳು, ಊದಿದಳು, ಕಣ್ಣು ಮುಚ್ಚಿ ಎಸೆದಳು. ಹನ್ನೊಂದು.

“ಹಗ್ಗ ತಡೀತೈತಿ” ಎಂದಳು ಮಗಳು ಯೋಚಿಸಿ, “ಆದ್ರ ಭಾರ ಭಾಳ ಆತು. ಅಪ್ಪಾ, ಚೀಲ ಬಿಟ್ರ ಮ್ಯಾಲ ಬರತಿ.”

“ಚೀಲಾ?” ಎಂದೆ. “ಅದರಾಗ ನಲವತ್ತೊಂದು...”

“ಬಿಡೋ ತಮ್ಮಾ.” ಆರು ವಾರದಲ್ಲಿ ಅಕ್ಕ ನನಗೇ ಆಡಿದ ಮೊದಲ ಮಾತು.

“ಛತ್ರಿ ಒಂದ್ ಇಟ್ಕೊಳ್ಳಲೇನ, ಅಕ್ಕಾ?”

“ಕೈ ಬಿಡಲೇನ?”

ಬಿಟ್ಟೆ. ಮಗಳು ನನ್ನ ಕಿಸೆಯಿಂದ ವೈದ್ಯನ ಕಾಗದ ತೆಗೆದು ರಬ್ಬರಿನಿಂದ ಒಂದೊಂದೇ ಸಾಲು ಅಳಿಸಿದಳು; ಚಪ್ಪಲಿ ಹೋಗುವಾಗ ಸ್ವಲ್ಪ ನೋವಾಯಿತು. ಅಕ್ಕ ಎಳೆದಳು. ವೈದ್ಯ ಬರಿಗೈಯಲ್ಲಿ ದಂಡೆಗೆ ಬಿದ್ದ. ಅಕ್ಕ ಎದ್ದು ಚಹಾಕ್ಕೆ ಇಟ್ಟಳು. ಒಳಗಿನಿಂದಲೇ ಕೂಗಿ ಹೇಳಿದಳು: “ಚಾ ಕುಡದು ಫೋನ್ ತಗೀರಿ, ನನ್ನ ಬಿಲ್ಲೆ ಬಾಕಿ ಐತಿ. ತಮ್ಮನ ಮೈಕ್ ಬಂದ್ ಮಾಡಿ ಕೊಡ್ರಿ.”

ಮರಳುವ ಬಸ್ ಸವದತ್ತಿಯಲ್ಲಿ ಹತ್ತು ನಿಮಿಷ ನಿಂತಿತು. ಮಗಳು ಇಳಿದು ಶೇಂಗಾ ತರಲು ಹೋದಾಗ ವೈದ್ಯನ ಕಾಗದ ತೆಗೆದೆ. ಹಿಂದೆ ಮುಂದೆ ಎಲ್ಲ ಖಾಲಿ. ಪೆನ್ಸಿಲಿನ ತುದಿ ನಾಲಗೆಗೆ ತಾಗಿಸಿ ಹೊಸ ಪಟ್ಟಿ ಶುರು ಮಾಡಿದೆ. ಒಂದು: ಹಗ್ಗ, ನನ್ನದೇ ಇನ್ನೊಂದು. ಎರಡು: ಅಕ್ಕನ ಕೈಗೆ ಎಣ್ಣೆ.

ಎಣ್ಣೆ ಹಚ್ಚಿದರೆ ಹಗ್ಗ ಜಾರುತ್ತದೆ ಎಂಬುದು ಬಸ್ ಹೊರಟ ಮೇಲೆ ಹೊಳೆಯಿತು. ಅದನ್ನು ಹೊಡೆದುಹಾಕಿ, ಛತ್ರಿ ಎಂದು ಬರೆದೆ.